ಜರ್ಮನಿಯಲ್ಲಿ ಚಳಿಗಾಲ ಕಳೆಯುವವರಿಗೆ: ಅಕ್ಟೋಬರಿನಿಂದ ಮಾರ್ಚ್‌ವರೆಗಿನ ಸಂಸಾರ

ಓದಿಗೋ ಕೆಲಸಕ್ಕೋ ಅಕ್ಟೋಬರಿನಲ್ಲಿ ಜರ್ಮನಿಗೆ ಬಂದಿಳಿಯುವವರ ಸೂಟ್‌ಕೇಸಿನಲ್ಲಿ ಅರ್ಧಕ್ಕರ್ಧ ಸ್ವೆಟರ್‌ಗಳೇ. ಆದರೆ ಅಲ್ಲಿನ ಚಳಿಗಾಲ ಹೊಸಬರನ್ನು ಕಾಡುವುದು ಬೀದಿಯಲ್ಲಿ ಕಡಿಮೆ, ಮನೆಯೊಳಗೆ ಹೆಚ್ಚು. ಬರ್ಲಿನ್‌, ಮ್ಯೂನಿಕ್‌ಗಳಲ್ಲಿ ಜನವರಿಯ ಸರಾಸರಿ ತಾಪಮಾನ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಮೈನಸ್ ಹತ್ತಕ್ಕೆ ಇಳಿಯುವ ದಿನಗಳು ಕಡಿಮೆ. ಅದಕ್ಕೆ ಒಳ್ಳೆಯ ಜಾಕೆಟ್ ಸಾಕು. ಗೋಡೆಗೆ ಹಿಡಿಯುವ ಬೂಷ್ಟು, ನಾಲ್ಕು ಗಂಟೆಗೇ ಕವಿಯುವ ಕತ್ತಲೆ, ಅಂಗಡಿ ತೆರೆಯದ ಭಾನುವಾರ, ಮನೆ ಖಾಲಿ ಮಾಡಿದ ಮೇಲೆ ಬರುವ ಹೀಟಿಂಗ್ ಬಿಲ್ಲು – ಇವಕ್ಕೆ ಜಾಕೆಟ್ ಆಗಿಬರುವುದಿಲ್ಲ.

ಮೊದಲ ಎರಡು ವಾರ: ಹೆಸರು, ವಿಳಾಸ, ಮೀಟರ್

ಮನೆಯ ಬೀಗದ ಕೈ ಸಿಕ್ಕ ದಿನವೇ ಮಾಡಬೇಕಾದ ಮೊದಲ ಕೆಲಸ ಅಂಚೆಪೆಟ್ಟಿಗೆಗೆ ಹೆಸರು ಅಂಟಿಸುವುದು. ಇದು ತಮಾಷೆಯಲ್ಲ. ಜರ್ಮನಿಯ ವಿಳಾಸದಲ್ಲಿ ಸಾಮಾನ್ಯವಾಗಿ ಫ್ಲಾಟ್ ನಂಬರ್ ಇರುವುದಿಲ್ಲ. ಅಂಚೆಯವರು ಪೆಟ್ಟಿಗೆಯ ಮೇಲಿನ ಮನೆತನದ ಹೆಸರು ನೋಡಿ ಕಾಗದ ಹಾಕುತ್ತಾರೆ. ಹೆಸರಿಲ್ಲದಿದ್ದರೆ ಬ್ಯಾಂಕ್ ಕಾರ್ಡು, ಅದರ ಪಿನ್, ತೆರಿಗೆ ಸಂಖ್ಯೆ, ವಿಮೆಯ ಕಾರ್ಡು ಎಲ್ಲವೂ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತವೆ. ಪಾಸ್‌ಪೋರ್ಟಿನಲ್ಲಿ ಇರುವ ಹೆಸರನ್ನೇ ಬರೆಯಿರಿ. ಬೇರೆಯವರ ಮನೆಯಲ್ಲಿ ಒಂದು ಕೋಣೆ ಹಿಡಿದಿದ್ದರೆ ಅವರ ಹೆಸರಿನ ಕೆಳಗೆ ನಿಮ್ಮದೂ ಇರಲಿ. ಕರೆಗಂಟೆಯ ಪಕ್ಕದಲ್ಲೂ ಅಷ್ಟೇ.

ಎರಡನೆಯದು ಆನ್‌ಮೆಲ್ಡುಂಗ್, ಅಂದರೆ ವಿಳಾಸ ನೋಂದಣಿ. ಮನೆ ಸೇರಿದ ಎರಡು ವಾರದೊಳಗೆ ಊರಿನ ಬ್ಯುರ್ಗರಾಮ್ಟ್ ಕಚೇರಿಯಲ್ಲಿ ಮಾಡಿಸಬೇಕು. ಬೇಕಾಗುವುದು ಮೂರು: ಪಾಸ್‌ಪೋರ್ಟು, ತುಂಬಿದ ಅರ್ಜಿ, ಮನೆ ಮಾಲೀಕರು ಸಹಿ ಮಾಡಿದ ವೋನುಂಗ್ಸ್‌ಗೇಬರ್‌ಬೆಸ್ಟೇಟಿಗುಂಗ್ ಎಂಬ ದೃಢೀಕರಣ. ಬಹಳ ಮಂದಿ ಎಡವುವುದು ಈ ಮೂರನೆಯದರಲ್ಲಿ. ಬಾಡಿಗೆ ಕರಾರು ಅದರ ಬದಲಿಗೆ ನಡೆಯುವುದಿಲ್ಲ. ದೊಡ್ಡ ಊರುಗಳಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ, ಹಾಗಾಗಿ ವಿಮಾನ ಹತ್ತುವ ಮೊದಲೇ ಕಾಯ್ದಿರಿಸಿ. ಎರಡು ವಾರ ಮೀರಿದ ದಿನ ಸಿಕ್ಕರೆ ಕಾಯ್ದಿರಿಸಿದ್ದಕ್ಕೆ ಬಂದ ಇಮೇಲ್ ಜೋಪಾನವಾಗಿಡಿ. ಸ್ಥಿರವಾಸ ವಿದೇಶದಲ್ಲೇ ಇದ್ದು, ಮಕ್ಕಳ ಮನೆಗೆ ಎಂಬಂತೆ ಸ್ವಲ್ಪ ಕಾಲಕ್ಕೆ ಬಂದವರಿಗೆ ಈ ಕಟ್ಟು ಮೂರು ತಿಂಗಳು ಕಳೆದ ಮೇಲಷ್ಟೇ ಅನ್ವಯಿಸುತ್ತದೆ.

ನೋಂದಣಿಯಾದ ಕೆಲವು ವಾರಕ್ಕೆ ತೆರಿಗೆ ಸಂಖ್ಯೆಯ ಕಾಗದ ಬರುತ್ತದೆ. ಅದರ ಹಿಂದೆಯೇ ಬಾನುಲಿ–ಟಿವಿ ಶುಲ್ಕದ ಕಾಗದವೂ ಬರುತ್ತದೆ. ಈ ರುಂಡ್‌ಫುಂಕ್‌ಬೈಟ್ರಾಗ್ ತಿಂಗಳಿಗೆ 18.36 ಯೂರೊ, ಮನೆಯಲ್ಲಿ ಟಿವಿ ಇಲ್ಲ ಎಂದರೆ ಬಿಡುವುದಿಲ್ಲ. ಆದರೆ ಅದು ತಲೆಗಲ್ಲ, ಮನೆಗೆ. ಹಂಚಿಕೊಂಡ ಮನೆಯಲ್ಲಿ ಒಬ್ಬರು ಕಟ್ಟುತ್ತಿದ್ದರೆ ಅವರ ಖಾತೆ ಸಂಖ್ಯೆ ಬರೆದು ಉತ್ತರಿಸಿದರೆ ನಿಮ್ಮದು ಚುಕ್ತಾ. ಕಾಗದವನ್ನು ಡ್ರಾಯರಿಗೆ ಹಾಕಿ ಮರೆತವರಿಗೆ ಮಾತ್ರ ದಂಡ ಸೇರುತ್ತಾ ಹೋಗುತ್ತದೆ.

ಮೂರನೆಯದು ಫೋಟೋ. ವಿದ್ಯುತ್ ಮೀಟರಿನ ಅಂಕಿ, ಪ್ರತಿ ಹೀಟರಿನ ಮೇಲೆ ಕೂತು ಬಳಸಿದ ಬಿಸಿಯನ್ನು ಅಳೆಯುವ ಪುಟ್ಟ ಬಿಳಿ ಡಬ್ಬಿಯ ಅಂಕಿ, ಕಿಟಕಿಯ ಮೂಲೆಗಳು, ಬಚ್ಚಲಿನ ಸೂರು, ಬೀರುವಿನ ಹಿಂದಿನ ಗೋಡೆ. ಮೊದಲೇ ಇದ್ದ ಕಪ್ಪು ಕಲೆಯನ್ನು ಸಾಮಾನು ಇಳಿಸುವ ಮುನ್ನ ಚಿತ್ರ ತೆಗೆದು ಮಾಲೀಕರಿಗೆ ಇಮೇಲ್ ಮಾಡದಿದ್ದರೆ, ಮನೆ ಬಿಡುವಾಗ ಅದು ನಿಮ್ಮ ಕಲೆಯಾಗಿರುತ್ತದೆ.

ಹೀಟರ್: ಗುಂಡಿಯ ಮೇಲಿನ ಅಂಕಿ ಉರಿಯಲ್ಲ

ಬಹುಪಾಲು ಮನೆಗಳಲ್ಲಿ ಕಿಟಕಿಯ ಕೆಳಗೆ ಬಿಸಿನೀರು ಹರಿಯುವ ರೇಡಿಯೇಟರ್, ಅದರ ಪಕ್ಕದಲ್ಲಿ 1ರಿಂದ 5ರವರೆಗೆ ಅಂಕಿ ಇರುವ ತಿರುಗುಗುಂಡಿ. ಒಲೆಯ ಗುಂಡಿಯ ಹಾಗೆ ಹೆಚ್ಚು ತಿರುಗಿಸಿದಷ್ಟು ಬೇಗ ಬಿಸಿಯಾಗುತ್ತದೆ ಎಂದುಕೊಂಡು 5ಕ್ಕೆ ಇಡುವುದು ಎಲ್ಲರ ಮೊದಲ ತಪ್ಪು. ಆ ಅಂಕಿ ಹೇಳುವುದು ಕೋಣೆ ಎಷ್ಟು ಬಿಸಿಯಾದಾಗ ನೀರು ನಿಲ್ಲಬೇಕು ಎಂಬುದನ್ನು. ಹಿಮದ ನಕ್ಷತ್ರದ ಗುರುತೆಂದರೆ ಸುಮಾರು 6 ಡಿಗ್ರಿ, ಕೊಳವೆ ಹೆಪ್ಪುಗಟ್ಟದಿರಲು. 1 ಅಂದರೆ 12, 2 ಅಂದರೆ 16, 3 ಅಂದರೆ 20, 4 ಅಂದರೆ 24, 5 ಅಂದರೆ 28 ಡಿಗ್ರಿ. 3ಕ್ಕಿಟ್ಟರೂ 5ಕ್ಕಿಟ್ಟರೂ 20 ಡಿಗ್ರಿ ತಲುಪಲು ಹಿಡಿಯುವ ಹೊತ್ತು ಒಂದೇ. ವ್ಯತ್ಯಾಸ ಇಷ್ಟೇ, 5ರಲ್ಲಿ ಅದು ನಿಲ್ಲದೆ ಮುಂದೆ ಹೋಗುತ್ತದೆ, ನೀವು ಕಿಟಕಿ ತೆರೆಯುತ್ತೀರಿ, ಬಿಲ್ಲು ಏರುತ್ತದೆ. ಒಂದು ಡಿಗ್ರಿ ಇಳಿಸಿದರೆ ಸುಮಾರು ಶೇ. 6ರಷ್ಟು ಇಂಧನ ಉಳಿಯುತ್ತದೆ ಎಂಬುದು ಅಲ್ಲಿ ರೂಢಿಯ ಲೆಕ್ಕ.

ಹಗಲು ಕೂರುವ ಕೋಣೆ 3ರಲ್ಲಿ, ಮಲಗುವ ಕೋಣೆ 2ರಿಂದ 2.5ರಲ್ಲಿ ಇರಲಿ. ಹೊರಗೆ ಹೋಗುವಾಗ ಪೂರ್ತಿ ಆರಿಸಬೇಡಿ, 2ಕ್ಕೆ ಇಳಿಸಿ. ತಣ್ಣಗಾದ ಗೋಡೆ ಮತ್ತೆ ಬೆಚ್ಚಗಾಗಲು ತಾಸುಗಟ್ಟಲೆ ಬೇಕು, ಅಷ್ಟು ಹೊತ್ತೂ ಅದರ ಮೇಲೆ ತೇವ ಕೂರುತ್ತದೆ. ಗುಂಡಿಯ ತಲೆಯೊಳಗೇ ತಾಪಮಾನ ಅಳೆಯುವ ಭಾಗ ಇರುವುದರಿಂದ ಅದರ ಮೇಲೆ ಪರದೆ ಇಳಿಬಿಟ್ಟರೆ, ಸೋಫಾ ಒತ್ತಿದರೆ, ಆ ಮೂಲೆಯ ಬಿಸಿಯನ್ನೇ ಇಡೀ ಕೋಣೆಯದ್ದೆಂದು ತಿಳಿದು ನೀರು ನಿಲ್ಲಿಸಿಬಿಡುತ್ತದೆ. ಹೀಟರ್ ಕೆಟ್ಟಿದೆ ಎಂಬ ಎಷ್ಟೋ ದೂರುಗಳು ಪರದೆ ಸರಿಸಿದ ಕೂಡಲೇ ಮುಗಿಯುತ್ತವೆ.

ಗುಳುಗುಳು ಸದ್ದು ಬರುತ್ತಿದ್ದು, ಕೆಳಗೆ ಬಿಸಿ, ಮೇಲೆ ತಣ್ಣಗೆ ಇದ್ದರೆ ಒಳಗೆ ಗಾಳಿ ಸೇರಿದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ನಾಲ್ಕು ಮೂಲೆಯ ಪುಟ್ಟ ಕೀಲಿಯಿಂದ ಗುಂಡಿಯ ಎದುರು ಬದಿಯ ಕವಾಟವನ್ನು ಕಾಲು ಸುತ್ತು ಸಡಿಲಿಸಿ, ಕೆಳಗೊಂದು ಲೋಟ ಹಿಡಿಯಿರಿ. ಬುಸ್ಸೆಂದು ಗಾಳಿ ಹೋಗಿ ನೀರು ಎಡೆಬಿಡದೆ ಬಂದಾಗ ಬಿಗಿ ಮಾಡಿ. ನೀರು ಬಿಸಿ ಇರುತ್ತದೆ, ಕೈ ದೂರ ಇರಲಿ. ಸಾಮೂಹಿಕ ಬಾಯ್ಲರ್ ಇರುವ ಕಟ್ಟಡದಲ್ಲಿ ಮೊದಲು ಕಟ್ಟಡ ನೋಡಿಕೊಳ್ಳುವ ಹೌಸ್‌ಮೈಸ್ಟರ್‌ಗೆ ಹೇಳುವುದು ಒಳ್ಳೆಯದು.

ಅಂಗಡಿಯಿಂದ ಕರೆಂಟಿನ ಫ್ಯಾನ್ ಹೀಟರ್ ತರುವ ಯೋಚನೆ ಬಿಡಿ. 2000 ವಾಟಿನದನ್ನು ದಿನಕ್ಕೆ ಐದು ತಾಸು ಓಡಿಸಿದರೆ 10 ಯೂನಿಟ್. ಯೂನಿಟ್‌ಗೆ 35 ಸೆಂಟ್ ಎಂದು ಹಿಡಿದರೂ ತಿಂಗಳಿಗೆ ನೂರು ಯೂರೊ ದಾಟುತ್ತದೆ. ಸಾಮಾನ್ಯವಾಗಿ ಅಕ್ಟೋಬರ್ 1ರಿಂದ ಏಪ್ರಿಲ್ 30ರವರೆಗೆ ಹೀಟಿಂಗ್ ಕಾಲ. ಆ ದಿನಗಳಲ್ಲಿ ಹಗಲಿನಲ್ಲಿ ವಾಸದ ಕೋಣೆ 20 ಡಿಗ್ರಿಗಾದರೂ ಬರುವಂತೆ ನೋಡಿಕೊಳ್ಳುವುದು ಮಾಲೀಕರ ಹೊಣೆ. ಬರುತ್ತಿಲ್ಲವಾದರೆ ತಾಪಮಾನ ಬರೆದಿಟ್ಟು ಅವರಿಗೆ ಲಿಖಿತವಾಗಿ ತಿಳಿಸಿ.

ಕಿಟಕಿ: ಐದು ನಿಮಿಷದ ಶಿಸ್ತು

ಚಳಿಯಲ್ಲಿ ಕಿಟಕಿ ಹಾರುಹೊಡೆದು ನಿಲ್ಲಿಸುವ ಜರ್ಮನರನ್ನು ಕಂಡು ಹೊಸಬರಿಗೆ ಹುಚ್ಚೆನಿಸುತ್ತದೆ. ಈ ರೂಢಿಗೆ ಷ್ಟೋಸ್‌ಲ್ಯುಫ್ಟನ್ ಎಂದು ಹೆಸರು, ಬಾಡಿಗೆ ಕರಾರಿನಲ್ಲೂ ಈ ಪದ ಎಷ್ಟೋ ಸಲ ಇರುತ್ತದೆ. ಇದರ ಹಿಂದಿರುವ ಲೆಕ್ಕ ಗೊತ್ತಾದರೆ ಹುಚ್ಚೆನಿಸದು.

20 ಡಿಗ್ರಿ, ಶೇ. 50 ತೇವಾಂಶದ ಗಾಳಿಯಲ್ಲಿ ಪ್ರತಿ ಘನ ಮೀಟರಿಗೆ ಸುಮಾರು 8.7 ಗ್ರಾಂ ನೀರು ಇರುತ್ತದೆ. ಹೊರಗೆ 0 ಡಿಗ್ರಿಯಲ್ಲಿ ಮಂಜು ಮುಸುಕಿ ತೇವಾಂಶ ಶೇ. 100 ಇದ್ದರೂ ಅದರಲ್ಲಿರುವ ನೀರು 4.8 ಗ್ರಾಂ ಮಾತ್ರ. ಆ ಗಾಳಿ ಒಳಗೆ ಬಂದು 20 ಡಿಗ್ರಿಗೆ ಬೆಚ್ಚಗಾದರೆ ತೇವಾಂಶ ಶೇ. 30ಕ್ಕಿಂತಲೂ ಕೆಳಗೆ ಇಳಿಯುತ್ತದೆ. 12 ಚದರ ಮೀಟರಿನ ಸಾಮಾನ್ಯ ಕೋಣೆಯಲ್ಲಿ ಸುಮಾರು 30 ಘನ ಮೀಟರ್ ಗಾಳಿ. ಅಷ್ಟನ್ನೂ ಒಮ್ಮೆ ಬದಲಿಸಿದರೆ ನೂರು ಮಿಲಿ ಲೀಟರಿಗೂ ಹೆಚ್ಚು ನೀರು ಆವಿಯಾಗಿಯೇ ಹೊರಬಿತ್ತು. ಮಂಜಿನ ದಿನ ಕಿಟಕಿ ತೆರೆದರೆ ತೇವ ಒಳಬರುತ್ತದೆ ಎಂಬುದು ಹಾಗಾಗಿ ತಪ್ಪು ತಿಳಿವಳಿಕೆ.

ತೆರೆಯದಿದ್ದರೆ ಏನಾಗುತ್ತದೆ? ಕೋಣೆಯ ಗಾಳಿ 20 ಡಿಗ್ರಿ, ಶೇ. 50 ಇದ್ದಾಗ, ಗೋಡೆಯ ಯಾವುದೇ ಮೂಲೆ 12.6 ಡಿಗ್ರಿಗಿಂತ ತಣ್ಣಗಾದರೆ ಅಲ್ಲಿ ತೇವಾಂಶ ಶೇ. 80 ಮುಟ್ಟುತ್ತದೆ. ಬೂಷ್ಟಿಗೆ ಅಷ್ಟು ಸಾಕು, ನೀರು ಹನಿಗಟ್ಟಬೇಕೆಂದಿಲ್ಲ. ಹಳೆಯ ಕಟ್ಟಡದ ಹೊರಗೋಡೆಯ ಮೂಲೆ, ಬೀರುವಿನ ಬೆನ್ನು, ಹಾಸಿಗೆಯ ತಲೆಬದಿ – ಮೊದಲು ಹಿಡಿಯುವ ಜಾಗಗಳು ಇವು. ಹೊರಗೋಡೆಗೆ ತಾಗುವ ಸಾಮಾನನ್ನು 5ರಿಂದ 10 ಸೆಂಟಿಮೀಟರ್ ಮುಂದಕ್ಕೆಳೆಯುವುದು ಪುಕ್ಕಟೆ ಪರಿಹಾರ.

ಮಾಡುವ ಕ್ರಮ ಹೀಗೆ:

1. ಹೀಟರ್ ಗುಂಡಿಯನ್ನು ನಕ್ಷತ್ರಕ್ಕೆ ಇಳಿಸಿ. ಮರೆತರೆ ತಣ್ಣನೆ ಗಾಳಿ ಗುಂಡಿಯ ಮೇಲೆ ಬಿದ್ದು, ಕೋಣೆ ಹೆಪ್ಪುಗಟ್ಟುತ್ತಿದೆಯೆಂದು ಅದು ಪೂರ್ತಿ ತೆರೆದುಕೊಳ್ಳುತ್ತದೆ.
2. ಕಿಟಕಿಯನ್ನು ಪೂರ್ತಿ ತೆರೆಯಿರಿ. ಎದುರು ಬದಿಯಲ್ಲೂ ಕಿಟಕಿ ಇದ್ದರೆ ಅದನ್ನೂ, ನಡುವಿನ ಬಾಗಿಲನ್ನೂ ತೆರೆಯಿರಿ.
3. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ 5 ನಿಮಿಷ ಸಾಕು. ಅಕ್ಟೋಬರ್, ನವೆಂಬರ್, ಮಾರ್ಚ್‌ಗಳಲ್ಲಿ 10ರಿಂದ 15 ನಿಮಿಷ. ಒಳಗೂ ಹೊರಗೂ ತಾಪಮಾನದ ಅಂತರ ಕಡಿಮೆ ಇದ್ದಷ್ಟೂ ಗಾಳಿ ನಿಧಾನ.
4. ಮುಚ್ಚಿ, ಗುಂಡಿಯನ್ನು ಹಿಂದಿದ್ದ ಅಂಕಿಗೇ ತನ್ನಿ.

ಎದ್ದ ಕೂಡಲೇ ಒಮ್ಮೆ, ಮಲಗುವ ಮುಂಚೆ ಒಮ್ಮೆ, ಸ್ನಾನ ಮತ್ತು ಅಡುಗೆಯ ನಂತರ ಒಮ್ಮೊಮ್ಮೆ. ಕಿಟಕಿಯ ಹಿಡಿಯನ್ನು ಮೇಲಕ್ಕೆ ತಿರುಗಿಸಿ ಅದನ್ನು ಓರೆಯಾಗಿ ಬಿಡುವ ಅಭ್ಯಾಸ ಚಳಿಗಾಲದಲ್ಲಿ ಅತ್ಯಂತ ಕೆಟ್ಟದ್ದು. ಗಾಳಿ ಬದಲಾಗುವುದು ಅತ್ಯಲ್ಪ, ಆದರೆ ಕಿಟಕಿಯ ಸುತ್ತಲಿನ ಗೋಡೆ ತಾಸುಗಟ್ಟಲೆ ತಣ್ಣಗಾಗಿ ಅಲ್ಲೇ ಬೂಷ್ಟು ಹುಟ್ಟುತ್ತದೆ.

ಹತ್ತು ಯೂರೊ ಆಸುಪಾಸಿನ ತೇವಾಂಶ ಮಾಪಕವೊಂದನ್ನು ತಂದಿಡಿ. 40ರಿಂದ 60ರ ನಡುವೆ ಇದ್ದರೆ ಸರಿ. ಒಂದು ಯಂತ್ರ ಬಟ್ಟೆ ಒಗೆದು ಒಳಗೇ ಹರವಿದರೆ ಸುಮಾರು ಎರಡು ಲೀಟರ್ ನೀರು ಕೋಣೆಗೆ ಸೇರುತ್ತದೆ. ಕಟ್ಟಡದ ನೆಲಮಾಳಿಗೆಯಲ್ಲಿ ಬಟ್ಟೆ ಒಣಗಿಸುವ ಕೋಣೆ ಇದೆಯೇ ಕೇಳಿ. ಇಲ್ಲವಾದರೆ ನಿಮಿಷಕ್ಕೆ 1200 ಸುತ್ತಿನಲ್ಲಿ ಹಿಂಡಿಸಿ, ಬಾಗಿಲು ಮುಚ್ಚಿದ ಬೆಚ್ಚನೆಯ ಕೋಣೆಯಲ್ಲಿ ಹರವಿ, ಆ ದಿನ ಎರಡು ಸಲ ಹೆಚ್ಚಿಗೆ ಗಾಳಿ ಬಿಡಿ. ಅಡುಗೆಮನೆಯ ಹೊಗೆಗೆ ಮನೆಯ ಒಳಬಾಗಿಲು ತೆರೆಯಬೇಡಿ. ಮಲಗುವ ಕೋಣೆ, ಓಣಿಗಳಲ್ಲಿ ಹೊಗೆ ಎಚ್ಚರಿಕೆ ಗಂಟೆ ಕಡ್ಡಾಯವಾಗಿ ಇರುತ್ತದೆ, ಖಾರದ ಒಗ್ಗರಣೆಗೂ ಬೆಂಕಿಗೂ ಅದು ಭೇದ ಎಣಿಸುವುದಿಲ್ಲ.

ಕಪ್ಪು ಚುಕ್ಕೆ ಕಂಡೇ ಬಿಟ್ಟಿತೆನ್ನಿ. ಅರ್ಧ ಚದರ ಮೀಟರಿಗಿಂತ ಕಡಿಮೆ ಇದ್ದರೆ, ಕಿಟಕಿ ತೆರೆದು, ಕೈಗವಸು ಹಾಕಿ, ಶೇ. 70ರಿಂದ 80ರ ಆಲ್ಕೋಹಾಲ್ ತೇವ ಮಾಡಿದ ಬಟ್ಟೆಯಲ್ಲಿ ಒರೆಸಿ. ಹತ್ತಿರ ಬೆಂಕಿ, ಸಿಗರೇಟು ಬೇಡ. ಒರೆಸುವ ಮುಂಚೆ ಚಿತ್ರ ತೆಗೆದು ಮಾಲೀಕರಿಗೆ ಲಿಖಿತವಾಗಿ ತಿಳಿಸಿ. ಸುಮ್ಮನಿದ್ದು ಹೆಚ್ಚಾದರೆ, ತಿಳಿಸದೆ ಇದ್ದದ್ದೇ ಬಾಡಿಗೆದಾರರ ತಪ್ಪಾಗುತ್ತದೆ.

ಬಟ್ಟೆ, ಬೂಟು

ಇಲ್ಲಿ ಜನ ಬೇಕಿಲ್ಲದಷ್ಟು ಖರ್ಚು ಮಾಡುತ್ತಾರೆ. ಬಸ್ಸು, ತರಗತಿ, ಅಂಗಡಿ ಎಲ್ಲವೂ 20 ಡಿಗ್ರಿ ಮೇಲೆಯೇ. ದಪ್ಪ ಒಳಬಟ್ಟೆ ಹಾಕಿಕೊಂಡು ಅಲ್ಲಿ ಬೆವೆತು ಮತ್ತೆ ಬೀದಿಗಿಳಿದರೆ ಆ ಬೆವರೇ ನಡುಗಿಸುತ್ತದೆ. ಮೈಗೆ ತಾಗುವಂತೆ ಉಣ್ಣೆ ಅಥವಾ ಸಿಂಥೆಟಿಕ್ ಬನಿಯನ್, ನಡುವೆ ಬೇಗ ತೆಗೆಯಬಹುದಾದ ಫ್ಲೀಸ್, ಮೇಲೆ ಗಾಳಿ ತಡೆಯುವ ಜಾಕೆಟ್. ಹತ್ತಿ ಬೆವರು ಹಿಡಿದಿಟ್ಟುಕೊಳ್ಳುವುದರಿಂದ ಒಳಪದರಕ್ಕೆ ಬೇಡ. ಹ್ಯಾಂಬರ್ಗ್, ಕೋಲ್ನ್ ಕಡೆ ಹಿಮಕ್ಕಿಂತ ಜಿಟಿಜಿಟಿ ಮಳೆ ಜಾಸ್ತಿ. ನೆನೆದ ಗರಿತುಂಬಿದ ಜಾಕೆಟ್ ಬಿಸಿ ಕಳೆದುಕೊಳ್ಳುತ್ತದೆ, ಆ ಊರುಗಳಿಗೆ ನೀರು ತಡೆಯುವ ಹೊರಪದರವೇ ಮೇಲು.

ಹಣ ಹಾಕಬೇಕಾದ್ದು ಬೂಟಿಗೆ. ದಪ್ಪ ಕಾಲುಚೀಲ ಹಾಕಿಕೊಂಡೇ ಅಳತೆ ನೋಡಿ, ಬೆರಳು ಆಡುವಷ್ಟು ಜಾಗ ಇರಲಿ. ಬಿಗಿ ಬೂಟಿನಲ್ಲಿ ಎಷ್ಟು ಕಾಲುಚೀಲ ಹಾಕಿದರೂ ಪಾದ ತಣ್ಣಗೇ ಇರುತ್ತದೆ. ಅಟ್ಟೆ ಮೆತ್ತಗಿದ್ದು ಆಳ ಗೀರುಗಳಿರಬೇಕು. ಒದ್ದೆ ಬೂಟನ್ನು ಹೀಟರ್ ಮೇಲಿಟ್ಟರೆ ಚರ್ಮ ಬಿರಿದು ಅಂಟು ಬಿಡುತ್ತದೆ; ಹಳೆ ಪತ್ರಿಕೆ ತುರುಕಿ ಪಕ್ಕದಲ್ಲಿಡಿ. ರಸ್ತೆಯ ಉಪ್ಪಿನ ಬಿಳಿ ಕಲೆಗೆ ನೀರು ಬೆರೆಸಿದ ವಿನೆಗರ್ ಸಾಕು.

ಬೆಳಕಿನ ಲೆಕ್ಕ

ಡಿಸೆಂಬರ್ 21ರಂದು ಬರ್ಲಿನ್ನಿನಲ್ಲಿ ಸೂರ್ಯ ಹುಟ್ಟುವುದು ಬೆಳಗ್ಗೆ 8.15ರ ಸುಮಾರಿಗೆ, ಮುಳುಗುವುದು 3.54ಕ್ಕೆ. ಮ್ಯೂನಿಕ್‌ನಲ್ಲಿ ಅರ್ಧ ತಾಸಿಗೂ ಹೆಚ್ಚು ಬೆಳಕು ಜಾಸ್ತಿ. ಎಂಟರಿಂದ ನಾಲ್ಕರವರೆಗೆ ಕೆಲಸ ಮಾಡುವವರು ವಾರದ ದಿನಗಳಲ್ಲಿ ಸೂರ್ಯನನ್ನು ನೋಡದೆಯೇ ಇದ್ದುಬಿಡಬಹುದು. ನಿದ್ದೆ ಕೆಡುವುದು, ಏಳಲು ಮನಸ್ಸಾಗದಿರುವುದು, ಸಿಹಿ ತಿನ್ನುವ ಆಸೆ ನವೆಂಬರ್ ಮಧ್ಯದಿಂದ ಶುರು. ಸೋಮಾರಿತನ ಎಂದು ಬೈದುಕೊಳ್ಳುವ ಬದಲು ಮಧ್ಯಾಹ್ನದ ಊಟದ ಬಿಡುವಿನಲ್ಲಿ ಅರ್ಧ ತಾಸು ಹೊರಗೆ ನಡೆಯಿರಿ. ಮೋಡ ಕವಿದಿದ್ದರೂ ಆಗ ಬಯಲಲ್ಲಿ ಸಾವಿರಾರು ಲಕ್ಸ್ ಬೆಳಕು. ಕಚೇರಿಯ ದೀಪದ ಕೆಳಗೆ ಮುನ್ನೂರು ಐನೂರು ಅಷ್ಟೇ.

ವಿಟಮಿನ್ ಡಿ ವಿಷಯ ಬೇರೆ. ಅಕ್ಟೋಬರಿನಿಂದ ಮಾರ್ಚ್‌ವರೆಗೆ ಆ ಅಕ್ಷಾಂಶದ ಬಿಸಿಲಿನಿಂದ ಚರ್ಮದಲ್ಲಿ ಸಾಕಷ್ಟು ವಿಟಮಿನ್ ಡಿ ತಯಾರಾಗುವುದಿಲ್ಲ, ಕಪ್ಪು ಚರ್ಮಕ್ಕಂತೂ ಇನ್ನೂ ಕಡಿಮೆ. ಬಿಸಿಲು ಸಿಗದಾಗ ದಿನಕ್ಕೆ 20 ಮೈಕ್ರೋಗ್ರಾಂ, ಅಂದರೆ 800 ಯೂನಿಟ್, ಅಲ್ಲಿನ ಪೌಷ್ಟಿಕತೆ ಸಂಸ್ಥೆ ಹಿಡಿದಿರುವ ಪ್ರಮಾಣ. ಅದಕ್ಕಿಂತ ದೊಡ್ಡ ಡೋಸ್ ಬೇಕೇ ಎಂಬುದನ್ನು ರಕ್ತ ಪರೀಕ್ಷೆ ಮಾಡಿಸಿ ವೈದ್ಯರು ಹೇಳಲಿ. ಒಣ ಗಾಳಿಗೆ ಬಿರಿಯುವ ಚರ್ಮಕ್ಕೆ ಶೇ. 5ರಿಂದ 10 ಯೂರಿಯಾ ಇರುವ ಕ್ರೀಮನ್ನು ಸ್ನಾನ ಮಾಡಿ ಮೂರು ನಿಮಿಷದೊಳಗೆ, ಮೈ ಇನ್ನೂ ಹಸಿ ಇರುವಾಗಲೇ ಹಚ್ಚಿ.

ಭಾನುವಾರ, ಹಬ್ಬ, ಬಾಟಲಿ

ಭಾನುವಾರ ಅಂಗಡಿ ಇಲ್ಲ. ದೊಡ್ಡ ರೈಲು ನಿಲ್ದಾಣಗಳೊಳಗಿನ ಅಂಗಡಿ ಮತ್ತು ಪೆಟ್ರೋಲ್ ಬಂಕ್ ಮಾತ್ರ ದಿಕ್ಕು. ಶನಿವಾರ ಮಧ್ಯಾಹ್ನದೊಳಗೆ ಸಾಮಾನು ತಂದಿಡಿ. ಡಿಸೆಂಬರ್ 24ರಂದು ಮಧ್ಯಾಹ್ನ ಎರಡಕ್ಕೆ ಎಲ್ಲ ಮುಚ್ಚುತ್ತದೆ, 25 ಮತ್ತು 26 ಎರಡೂ ರಜೆ. 2026ರಲ್ಲಿ 25 ಶುಕ್ರವಾರ, 26 ಶನಿವಾರ, ಅದರ ಹಿಂದೆ ಭಾನುವಾರ: ಮೂರೂವರೆ ದಿನದ ದಿನಸಿ, ಔಷಧಿ, ನಗದು ಮೊದಲೇ ಕೈಯಲ್ಲಿರಲಿ. ಜನವರಿ 6 ಬವೇರಿಯ, ಬಾಡನ್–ವ್ಯುರ್ಟೆಂಬರ್ಗ್, ಸ್ಯಾಕ್ಸನಿ–ಅನ್‌ಹಾಲ್ಟ್ ರಾಜ್ಯಗಳಲ್ಲಿ ಮಾತ್ರ ರಜೆ.

ನೀರಿನ ಬಾಟಲಿ ಕೊಳ್ಳಬೇಕಿಲ್ಲ, ನಲ್ಲಿ ನೀರು ಕುಡಿಯಬಹುದು. ಕೊಂಡರೆ ಒಮ್ಮೆ ಬಳಸುವ ಪ್ಲಾಸ್ಟಿಕ್ ಬಾಟಲಿ, ಕ್ಯಾನ್‌ಗಳಿಗೆ 25 ಸೆಂಟ್ ಫಾಂಡ್ ಎಂಬ ಠೇವಣಿ ಸೇರಿರುತ್ತದೆ. ಜಜ್ಜಬೇಡಿ, ಲೇಬಲ್ ಕೀಳಬೇಡಿ. ಯಂತ್ರ ಅದನ್ನು ಓದಿಯೇ ಹಣದ ಚೀಟಿ ಕೊಡುವುದು. ಠೇವಣಿ ಇಲ್ಲದ ಗಾಜನ್ನು ಬೀದಿಯ ಡಬ್ಬಿಗಳಿಗೆ ಬಣ್ಣ ನೋಡಿ ಹಾಕಬೇಕು, ರಾತ್ರಿ ಮತ್ತು ಭಾನುವಾರ ಬಿಟ್ಟು. ರಾತ್ರಿ 10ರಿಂದ ಬೆಳಗ್ಗೆ 6, ಮತ್ತು ಭಾನುವಾರ ಇಡೀ ದಿನ ಮೌನದ ಹೊತ್ತು. ಗೋಡೆ ಕೊರೆಯುವುದಂತೂ ಬೇಡವೇ ಬೇಡ.

ಬೀದಿಯಲ್ಲಿ

ಬಿಳಿ ಹಿಮಕ್ಕೆ ಹೆದರಬೇಕಿಲ್ಲ, ಹೆದರಬೇಕಾದ್ದು ಸೊನ್ನೆ ಡಿಗ್ರಿಯ ಮಳೆಗೆ. ತಣ್ಣನೆ ನೆಲಕ್ಕೆ ಬಿದ್ದ ಕೂಡಲೇ ಗಾಜಾಗುವ ಇದನ್ನು ಬ್ಲಿಟ್ಸ್‌ಐಸ್ ಎನ್ನುತ್ತಾರೆ, ಕಣ್ಣಿಗೆ ಬರೀ ಒದ್ದೆ ರಸ್ತೆಯ ಹಾಗೆ ಕಾಣುತ್ತದೆ. ಪುಟ್ಟ ಹೆಜ್ಜೆ, ಪಾದ ಪೂರ್ತಿ ಊರಿ, ಕೈ ಜೇಬಿನಿಂದ ಹೊರಗೆ. ಹೆಪ್ಪುಗಟ್ಟಿದ ಕೆರೆಯ ಮೇಲೆ ಒಬ್ಬರು ನಡೆಯಲು 15 ಸೆಂಟಿಮೀಟರ್ ದಪ್ಪ ಇರಬೇಕು, ಗುಂಪಿಗೆ 20. ಊರಿನ ಆಡಳಿತ ಮುಕ್ತ ಎಂದು ಸಾರದಿದ್ದರೆ ಕಾಲಿಡಬೇಡಿ.

ಬಾಡಿಗೆ ಕರಾರಿನಲ್ಲಿ ವಿಂಟರ್‌ಡೀನ್ಸ್ಟ್ ಎಂಬ ಪದ ಹುಡುಕಿ. ಇದ್ದರೆ ನಿಮ್ಮ ಸರದಿಯಲ್ಲಿ ಮನೆಮುಂದಿನ ಕಾಲುದಾರಿಯ ಹಿಮ ತೆಗೆಯುವುದು ನಿಮ್ಮ ಪಾಲಿಗೆ. ಎಷ್ಟೋ ಊರುಗಳಲ್ಲಿ ಬೆಳಗ್ಗೆ 7ರೊಳಗೆ ಆಗಬೇಕು, ಬರ್ಲಿನ್, ಮ್ಯೂನಿಕ್‌ನಂಥ ನಗರಗಳಲ್ಲಿ ಮನೆಯವರು ಉಪ್ಪು ಹಾಕುವಂತಿಲ್ಲ, ಮರಳು ಅಥವಾ ಸಣ್ಣ ಜಲ್ಲಿ ಹರಡಬೇಕು. ಯಾರಾದರೂ ಜಾರಿ ಬಿದ್ದರೆ ಪರಿಹಾರದ ಹೊಣೆ ಹೆಗಲೇರಬಹುದು.

ಓಡಾಟಕ್ಕೆ ಡಾಯ್ಚ್‌ಲಾಂಡ್ ಟಿಕೆಟ್: 2026ರ ಜನವರಿಯಿಂದ ತಿಂಗಳಿಗೆ 63 ಯೂರೊ, ದೇಶದ ಎಲ್ಲ ಊರಿನ ಬಸ್ಸು, ಟ್ರಾಮು, ಪ್ರಾದೇಶಿಕ ರೈಲುಗಳಿಗೆ ಸಲ್ಲುತ್ತದೆ, ವೇಗದ ಐಸಿಇಗೆ ಅಲ್ಲ. ಇದು ತಾನಾಗಿ ಮುಂದುವರಿಯುವ ಚಂದಾ, ಆ ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳದ್ದೂ ಕಟ್ಟಬೇಕು. ಟಿಕೆಟ್ ಇಲ್ಲದೆ ಸಿಕ್ಕಿಬಿದ್ದರೆ 60 ಯೂರೊ.

ಜ್ವರ ಬಂದರೆ

ಜೀವಕ್ಕೆ ಅಪಾಯವಿದ್ದರೆ 112. ವೈದ್ಯರ ಬಾಗಿಲು ಮುಚ್ಚಿದ ಹೊತ್ತಿನಲ್ಲಿ, ಸೋಮವಾರದವರೆಗೆ ಕಾಯಲಾಗದ ಕಾಯಿಲೆಗೆ 116117. ಪ್ಯಾರಾಸಿಟಮಾಲ್ ಸೂಪರ್‌ಮಾರ್ಕೆಟ್‌ನಲ್ಲಿ ಸಿಗುವುದಿಲ್ಲ, ಅಪೊಥೆಕೆ ಎಂಬ ಔಷಧಿ ಅಂಗಡಿಯಲ್ಲಿ ಮಾತ್ರ. ಅಲ್ಲೂ 500 ಮಿಲಿಗ್ರಾಂನ 20 ಮಾತ್ರೆಗಿಂತ ದೊಡ್ಡ ಪ್ಯಾಕಿಗೆ ವೈದ್ಯರ ಚೀಟಿ ಬೇಕು. ರಾತ್ರಿ ಪಾಳಿಯ ಅಂಗಡಿ ಯಾವುದು ಎಂಬುದು ಪ್ರತಿ ಅಪೊಥೆಕೆಯ ಬಾಗಿಲಲ್ಲೂ ಬರೆದಿರುತ್ತದೆ, ಹೆಚ್ಚುವರಿ 2.50 ಯೂರೊ ತೆರಬೇಕು. ಒಂದು ಪಟ್ಟಿ ಮಾತ್ರೆ, ಒಂದು ಥರ್ಮಾಮೀಟರ್ ಅಕ್ಟೋಬರಿನಲ್ಲೇ ಮನೆಯಲ್ಲಿರಲಿ. ಕೆಲಸದವರು ಮೊದಲ ದಿನ ಬೆಳಗ್ಗೆಯೇ ಕಚೇರಿಗೆ ತಿಳಿಸಬೇಕು. ಮೂರು ದಿನ ಮೀರಿದರೆ ವೈದ್ಯರ ಪ್ರಮಾಣಪತ್ರ ಬೇಕು, ಕೆಲವು ಕರಾರುಗಳಲ್ಲಿ ಮೊದಲ ದಿನದಿಂದಲೇ.

ಮಾರ್ಚ್‌ನಲ್ಲಿ ಹೊರಡುವಾಗ

ವಿಳಾಸ ರದ್ದು ಮಾಡಿಸುವ ಆಬ್‌ಮೆಲ್ಡುಂಗ್ ಅನ್ನು ಹೊರಡುವ ದಿನಕ್ಕೆ ಒಂದು ವಾರ ಮುಂಚಿನಿಂದ, ಹೊರಟ ಎರಡು ವಾರದೊಳಗೆ ಮಾಡಬಹುದು. ಬಾನುಲಿ ಶುಲ್ಕ ನಿಲ್ಲಿಸಲು ಆ ಕಾಗದವೇ ಆಧಾರ.

ಕೊನೆಗೆ ಹೀಟಿಂಗ್ ಲೆಕ್ಕ. ಬಿಸಿ ಸೇರದ ಬಾಡಿಗೆ ಕಾಲ್ಟ್‌ಮೀಟೆ, ಸೇರಿದ್ದು ವಾರ್ಮ್‌ಮೀಟೆ. ಈ ಎರಡನೆಯದರಲ್ಲಿ ಹೀಟಿಂಗಿಗೆಂದು ಕಟ್ಟುವುದು ಬರೀ ಮುಂಗಡ, ಇಡೀ ವರ್ಷದ ಖರ್ಚನ್ನು ಹನ್ನೆರಡು ಸಮಪಾಲು ಮಾಡಿದ್ದು. ಆದರೆ ಬಿಸಿ ಹನ್ನೆರಡು ಸಮಪಾಲಾಗಿ ಖರ್ಚಾಗುವುದಿಲ್ಲ. ವರ್ಷದ ನಡುವೆ ಮನೆ ಬಿಟ್ಟವರ ಪಾಲು ಹಂಚಲು ಬಳಸುವ ಪಟ್ಟಿಯಲ್ಲಿ ವರ್ಷಕ್ಕೆ 1000 ಪಾಲು: ಅಕ್ಟೋಬರಿಗೆ 80, ನವೆಂಬರಿಗೆ 120, ಡಿಸೆಂಬರಿಗೆ 160, ಜನವರಿಗೆ 170, ಫೆಬ್ರುವರಿಗೆ 150, ಮಾರ್ಚಿಗೆ 130. ಒಟ್ಟು 810. ಚಳಿಗಾಲದ ಆರು ತಿಂಗಳು ಮಾತ್ರ ಇದ್ದವರು ವರ್ಷದ ಮುಂಗಡದಲ್ಲಿ ಅರ್ಧ ಕಟ್ಟಿ, ಬಿಸಿಯಲ್ಲಿ ಐದರಲ್ಲಿ ನಾಲ್ಕು ಪಾಲು ಬಳಸಿರುತ್ತಾರೆ. ವರ್ಷಕ್ಕೆ 1200 ಯೂರೊ ಹೀಟಿಂಗ್ ಎಂದಿಟ್ಟುಕೊಂಡರೆ ಕಟ್ಟಿದ್ದು 600, ತಗಲಿದ್ದು 970ರಷ್ಟು.

ಲೆಕ್ಕದ ಅವಧಿ ಮುಗಿದ ಮೇಲೆ ಹನ್ನೆರಡು ತಿಂಗಳೊಳಗೆ ಮಾಲೀಕರು ಈ ಬಾಕಿಯ ಬಿಲ್ಲು ಕಳಿಸಬಹುದು, ಅಲ್ಲಿಯವರೆಗೆ ಮನೆ ಹಿಡಿಯುವಾಗ ಕೊಟ್ಟ ಠೇವಣಿಯಲ್ಲಿ ಒಂದು ಭಾಗ ತಡೆಹಿಡಿಯಬಹುದು. ಹೊರಡುವ ದಿನ ರೇಡಿಯೇಟರಿನ ಡಬ್ಬಿಗಳ ಅಂಕಿಯನ್ನು ಮಾಲೀಕರ ಎದುರೇ ಚಿತ್ರ ತೆಗೆದು, ಮುಂದಿನ ವಿಳಾಸ, ಇಮೇಲ್ ಬರೆದು ಕೊಡಿ. ಠೇವಣಿ ಕೈಗೆ ಬರುವವರೆಗೂ ಜರ್ಮನಿಯ ಬ್ಯಾಂಕ್ ಖಾತೆ ಮುಚ್ಚಬೇಡಿ.